ಹೊಳೆ ನೀರಿನ ಔಷಧಿ

ಕಮಲಕ್ಕನ ಕಾಲು ಸುಟ್ಟಿದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ, ಕಾದ ಮರಳು ಚೆಲ್ಲಿ. ಸುಟ್ಟ ಗಾಯ ಮಾಯುತ್ತಿತ್ತೇನೋ. ಅದರೊಳಗೆ ಹೊಕ್ಕ ಬ್ಯಾಕ್ಟೀರಿಯಾ ಮಾತ್ರ ಯಾವ ಔಷಧಿಗೂ ಸೊಪ್ಪು ಹಾಕಲಿಲ್ಲ. ನಾಳೆ ಬೆಳಿಗ್ಗೆ ಮೊಣಕಾಲಿನ ಕೆಳಗೆ ಕತ್ತರಿಸುವುದೆಂದು ಡಾಕ್ಟರು ಹೇಳಿಯಾಗಿತ್ತು.

ಕಾಲು ಉಳಿಸಲು ಮಗಳು ರಶ್ಮಿತಾಳಿಗೆ ಉಳಿದಿದ್ದು ಒಂದೇ ದಾರಿ: ಬ್ಯಾಕ್ಟೀರಿಯಾವನ್ನೇ ಕೊಲ್ಲುವ ವೈರಸ್. ಅವಳು ಕೆಲಸ ಮಾಡುವ ಲ್ಯಾಬಿಗೆ ತಮ್ಮ ಮಾರುತಿ ಹರಿಹರದಿಂದ ಹೊಳೆ ನೀರು ತಂದುಕೊಟ್ಟಿದ್ದ. ಚರಂಡಿ ಬಂದು ಸೇರುವ ಕಡೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಮೂಗು ಹಿಡಿದುಕೊಂಡು. ಅದರಲ್ಲಿ ವೈರಸ್ ಸಿಕ್ಕೇಬಿಟ್ಟಿತು. ಅವ್ವನ ಗಾಯದ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗೆ ಒಂದು ಹನಿ ಬಿಟ್ಟರೆ ಅವೆಲ್ಲ ಸತ್ತು ಅಲ್ಲಿ ಬೋಳಾಗುತ್ತಿತ್ತು. ಅಕ್ಕ ತಮ್ಮ ಹುಚ್ಚರ ಹಾಗೆ ಕುಣಿದಿದ್ದರು. ಡಾಕ್ಟರೂ ಒಪ್ಪಿದ್ದರು, ವೈರಸ್ಸಿನ ಜೀನುಗಳ ನಕ್ಷೆಯಲ್ಲಿ ಅಪಾಯದ್ದೇನೂ ಕಾಣದಿದ್ದರೆ ಮಾತ್ರ.

ಈಗ ನಕ್ಷೆ ಕಂಪ್ಯೂಟರಿನಲ್ಲಿತ್ತು. ಆ ಬೋಳು ಜಾಗದಲ್ಲೂ ಒಂದಿಷ್ಟು ಬ್ಯಾಕ್ಟೀರಿಯಾ ಸಾಯದೆ ಉಳಿದಿದ್ದವು. ನಕ್ಷೆಯಲ್ಲಿ ನೋಡಿದರೆ, ಅವುಗಳ ಕ್ರೋಮೋಸೋಮಿನ ನಟ್ಟನಡುವೆ ವೈರಸ್ ತನ್ನ ಜೀನುಗಳನ್ನೆಲ್ಲ ಹೊಲಿದುಕೊಂಡು ಹಾಯಾಗಿ ಕೂತಿತ್ತು. ಕೊಲ್ಲಲು ಬಂದ ದರಿದ್ರದ್ದು ಅಲ್ಲೇ ಸಂಸಾರ ಹೂಡಿತ್ತು! ಬರಿಗೈಯಲ್ಲೂ ಬಂದಿರಲಿಲ್ಲ; ವಿಷ ತಯಾರಿಸುವ ಜೀನೊಂದನ್ನು ಜೊತೆಗೇ ತಂದಿತ್ತು. ಗಾಯಕ್ಕೆ ಬಿಟ್ಟರೆ, ಸಾಯದೆ ಉಳಿದವು ಆ ವಿಷ ಕಾರಿ ಕಾಲಷ್ಟೇ ಅಲ್ಲ, ಅವ್ವನ ಜೀವವೇ ಹೋದೀತು. ರಶ್ಮಿತಾ ಪರದೆಯನ್ನು ತಮ್ಮನ ಕಡೆ ತಿರುಗಿಸಿದಳು.

"ನಕ್ಷೆ ತಪ್ಪಿರಬೌದು ಅಕ್ಕ," ಎಂದ ಮಾರುತಿ.

"ತಿರುಗಾ ಮುರುಗಾ ನೋಡಿದೆ. ತಪ್ಪಿಲ್ಲ."

"ಹೆಂಗೂ ಕಾಲು ಹೋಗ್ತೈತಲ್ಲ, ಒಂದೀಟು ಹಾಕಿ ನೋಡು. ಸಾಯ್ತಾವೆ ಅಂತ ನೀನೇ ತೋರ್ಸಿದ್ದಿ!"

"ಬ್ಯಾಡ ಮಾರುತಿ."

"ಹೊಳಿ ನೀರಿನ ಔಷಧಿ ಆತೇನು ಅಂತ ಅವ್ವ ದಿನಾ ಕೇಳ್ತಾಳೆ. ಏನ್ ಹೇಳ್ಲಿ?"

ರಶ್ಮಿತಾ ವೈರಸ್ ತುಂಬಿದ ಕೊಳವೆ ಎತ್ತಿ ಬ್ಲೀಚಿಂಗ್ ಪೌಡರಿನ ನೀರಿಗೆ ಸುರಿದುಬಿಟ್ಟಳು. ತಮ್ಮನ ಮೇಲೆ ಅವಳಿಗೆ ಅನುಮಾನವಿರಲಿಲ್ಲ, ತನ್ನ ಮೇಲೇ ನಂಬಿಕೆ ಹೋಗಿತ್ತು. ಇನ್ನೊಂದು ಗಳಿಗೆ ತಡೆದಿದ್ದರೆ ಅವಳೇ ಅದನ್ನು ಆಸ್ಪತ್ರೆಗೆ ಒಯ್ಯುತ್ತಿದ್ದಳು.

ಮಾರುತಿ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಮುಖ ಒರೆಸಿಕೊಂಡು ಹೊಳೆ ನೀರು ತಂದಿದ್ದ ಖಾಲಿ ಕ್ಯಾನನ್ನು ಮೂಲೆಯಿಂದ ಎತ್ತಿಕೊಂಡ.

"ಸೇತುವೆ ಕೆಳಗೆ ಇನ್ನೊಂದು ಚರಂಡಿ ಐತೆ. ಈಗ ಹೊಂಟ್ರೆ ಕತ್ತಲಾಗೋದ್ರಾಗೆ ಬರ್ತೀನಿ."

ಹೊಸ ವೈರಸ್ ಹುಡುಕಿ ನಕ್ಷೆ ಮಾಡಲು ವಾರಗಟ್ಟಲೆ ಬೇಕು. ಅದು ಅವನಿಗೂ ಗೊತ್ತಿತ್ತು. ರಶ್ಮಿತಾ ಅವನ ಕೈಯಿಂದ ಕ್ಯಾನು ತೆಗೆದುಕೊಂಡು, ಚೆನ್ನಾಗಿ ತೊಳೆದು, ಮುಚ್ಚಳ ಬಿಗಿ ಮಾಡಿ ವಾಪಸು ಕೊಟ್ಟಳು.