ವರ್ಲಿನ್ ತುಂಬಿದ ತೋಟೆಗಳು

ನಾಲ್ಕನೆಯ ಗುಂಡಿಗೆ ವರ್ಲಿನ್‌ನ ಕೈ ಮೇಲೇಳಲಿಲ್ಲ.

ಟ್ರಕ್ಕಿನ ಹಿಂಬದಿಯ ಹಲಗೆಯ ಮೇಲೆ ಕುಳಿತು ಕಾಫಿ ಬಗ್ಗಿಸಿಕೊಳ್ಳುತ್ತಿದ್ದ ಆರ್ಡಿಸ್‌ಗೆ ಅದು ಕಿವಿಗಿಂತ ಮೊದಲು ಕಣ್ಣಿಗೆ ಗೊತ್ತಾಯಿತು. ನಲವತ್ತೊಂದು ವರ್ಷದಿಂದ ನೋಡುತ್ತ ಬಂದ ನೋಟ ಅದು. ಆ ದೊಡ್ಡ ರಿವಾಲ್ವರ್ ಢಂ ಎಂದರೆ ಗಂಡನ ಎರಡೂ ಕೈ ಹಣೆಯ ಮಟ್ಟಕ್ಕೆ ಏಳುತ್ತಿದ್ದವು, ಅಲ್ಲೊಂದು ಗಳಿಗೆ ನಿಂತು ತಾವಾಗಿಯೇ ಇಳಿಯುತ್ತಿದ್ದವು. ಈಗ ಕೇಳಿದ್ದು ಬಾಟಲಿಯ ಬಿರಡೆ ಕಿತ್ತಷ್ಟು ಸದ್ದು. ಕೈ ಇದ್ದಲ್ಲೇ ಇತ್ತು. ಜಲ್ಲಿಗುಂಡಿಯ ಆಚೆ ತುದಿಯಲ್ಲಿ ನೇತುಹಾಕಿದ್ದ ತಗಡಿನ ತಟ್ಟೆ ಮಿಸುಕಲಿಲ್ಲ. ವರ್ಲಿನ್ ಮತ್ತೆ ರಿವಾಲ್ವರಿನ ಕುದುರೆಯ ಮೇಲೆ ಬೆರಳಿಟ್ಟ.

"ನಿಲ್ಸು! ವರ್ಲಿನ್, ನಿಲ್ಸು!"

ಅವನ ಕಿವಿಗೆ ಮುಚ್ಚಿಗೆ ಇತ್ತು, ಕೇಳಿಸಲಿಲ್ಲ. ಅವಳು ಕೈಲಿದ್ದ ಸ್ಟೀಲ್ ಲೋಟವನ್ನು ಕಾಫಿ ಸಮೇತ ಬೀಸಿ ಎಸೆದಳು. ಅದು ಅವನ ಬೆನ್ನಿಗೆ ತಾಗಿತು. ಅವನು ಬೆಚ್ಚಿದರೂ ರಿವಾಲ್ವರಿನ ಮೂತಿಯನ್ನು ನೆಲಕ್ಕೆ ತಗ್ಗಿಸಿಯೇ ತಿರುಗಿದ. ಅಷ್ಟು ಅಭ್ಯಾಸ ಮೈಯಲ್ಲಿ ಉಳಿದಿತ್ತು.

"ತಲೆ ಕೆಟ್ಟಿದ್ಯಾ ನಿಂಗೆ? ಬಿಸಿ ಕಾಫಿ ಕಣೇ ಅದು!"

ಪಕ್ಕದಲ್ಲಿದ್ದ ಗೆಳೆಯ ಹಾರ್ಲನ್ ರಿವಾಲ್ವರನ್ನು ಇಸಿದುಕೊಂಡ. ಒಳಗಿನ ತೋಟೆಗಳನ್ನೆಲ್ಲ ತೆಗೆದು, ನಳಿಗೆಯೊಳಕ್ಕೆ ಒಂದು ಕಡ್ಡಿ ಇಳಿಬಿಟ್ಟ. ಕಡ್ಡಿ ಅರ್ಧದಲ್ಲೇ ನಿಂತಿತು.

"ಗುಂಡು ಒಳಗೇ ಕೂತಿದೆ. ಇನ್ನೊಂದು ಹೊಡೆದಿದ್ರೆ ನಳಿಗೆ ಸಿಡೀತಿತ್ತು." ಅವನು ವರ್ಲಿನ್‌ನ ಬೆರಳುಗಳನ್ನು ನೋಡಿದ.

"ತೋಟೆ ತಳದ ಕೇಪು ಹಾಳಾಗಿರ್ಬೇಕು," ಎಂದ ವರ್ಲಿನ್.

"ಕೇಪು ಹಾಳಾಗಿದ್ರೆ ಗುಂಡು ಅಲ್ಲಾಡ್ತಾನೇ ಇರ್ಲಿಲ್ಲ. ಕೇಪು ಹತ್ತಿದೆ ಕಣೋ. ಒಳಗೆ ಮದ್ದೇ ಇರ್ಲಿಲ್ಲ."

ಅಮೆರಿಕದ ಮೊಂಟಾನಾದ ಆ ಕಣಿವೆಯಲ್ಲಿ ವರ್ಲಿನ್‌ಗೆ ಹೀಗೆ ಹೇಳುವುದೆಂದರೆ ಪಾದ್ರಿಗೆ 'ನಿನಗೆ ಪ್ರಾರ್ಥನೆ ಬರುವುದಿಲ್ಲ' ಎಂದ ಹಾಗೆ. ಖಾಲಿ ತೋಟೆಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುವ ಜನ ಅವರು; ಬೇರೆಯವರು ತುಂಬಿದ ತೋಟೆಯನ್ನು ಹಾರಿಸಬಾರದು ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತಿರುವ ನಿಯಮ. ಆದರೆ ವರ್ಲಿನ್ ತುಂಬಿದ್ದು ಎಂದರೆ ಜನ ನಿಯಮ ಮುರಿದು ಕೈಯೊಡ್ಡುತ್ತಿದ್ದರು. ಅವನು ಕೊಡುತ್ತಿರಲಿಲ್ಲ, ಅದು ಬೇರೆ ಮಾತು. ಅವನು ತುಂಬುತ್ತಿದ್ದುದು ತನಗೆ ಮತ್ತು ಆರ್ಡಿಸ್‌ನ ಕಾವಲಿಗೆ ಮಾತ್ರ.

ಆಗಸ್ಟ್ ಬಂತೆಂದರೆ ಅವರಿಬ್ಬರೂ ಗುಡ್ಡ ಹತ್ತಿ ಹಕಲ್‌ಬೆರಿ ಎಂಬ ಕಾಡುಹಣ್ಣು ಬಿಡಿಸಲು ಹೋಗುತ್ತಿದ್ದರು. ಆ ಹಣ್ಣೆಂದರೆ ಮನುಷ್ಯರಿಗೆ ಎಷ್ಟು ಆಸೆಯೋ ಕರಡಿಗಳಿಗೂ ಅಷ್ಟೇ. ಆರ್ಡಿಸ್ ಸೊಂಟಕ್ಕೆ ಬಕೆಟ್ಟು ಕಟ್ಟಿಕೊಂಡು ಎರಡೂ ಕೈಯಲ್ಲಿ ಬಿಡಿಸುತ್ತಿದ್ದಳು. ವರ್ಲಿನ್ ಅವಳ ಹಿಂದೆ, ರಿವಾಲ್ವರಿನ ಒರೆಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಇಷ್ಟು ವರ್ಷದಲ್ಲಿ ಒಂದು ಕರಡಿಯ ಮೇಲೂ ಅವನು ಗುಂಡು ಹಾರಿಸಿದ್ದಿಲ್ಲ. ಆದರೂ ಅವಳು ಪೊದೆಯೊಳಗೆ ತಲೆ ತಗ್ಗಿಸಿ ನಿರಾಳವಾಗಿ ಹಾಡಿಕೊಳ್ಳುತ್ತಿದ್ದುದು ಅವನು ತುಂಬಿದ ಆ ಆರು ತೋಟೆಗಳ ಧೈರ್ಯದಿಂದಲೇ. ಈ ಸಲದ ಹಣ್ಣಿಗೆ ಇನ್ನು ಎರಡು ವಾರವಿತ್ತು.

ಮನೆಗೆ ಬಂದವರೇ ಮೂವರೂ ಹಿತ್ತಿಲ ಶೆಡ್ಡಿಗೆ ನಡೆದರು. ಬಾಗಿಲ ಹಿಡಿಗೆ ಒಂದು ಕೆಂಪು ಕರವಸ್ತ್ರ ಸಡಿಲವಾಗಿ ನೇತಾಡುತ್ತಿತ್ತು. ಮದ್ದಿನ ಡಬ್ಬಿ ತೆರೆದಾಗ ವರ್ಲಿನ್ ಅದನ್ನು ಗಂಟು ಹಾಕಿ ಕಟ್ಟುತ್ತಿದ್ದ. ಗಂಟು ಇದ್ದರೆ ಬಾಗಿಲು ತೆಗೆಯುವಂತಿಲ್ಲ, ಕೂಗುವಂತಿಲ್ಲ. ಮನೆಗೆ ಬೆಂಕಿ ಬಿದ್ದರೂ ಗಂಟು ಬಿಚ್ಚಿದ ಮೇಲೆಯೇ ಹೇಳಬೇಕು ಎಂದು ಆರ್ಡಿಸ್ ನೆಂಟರ ಮುಂದೆ ನಗುತ್ತಿದ್ದಳು. ಒಳಗೆ ಗೋಡೆಯ ಮೇಲೆ ಅವನದೇ ಅಕ್ಷರದಲ್ಲಿ ಬಣ್ಣದ ಬರಹ: ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ. ಖಾಲಿ ಹಿತ್ತಾಳೆ ಕೊಳವೆ ಬಾಯಿ ಕೆಳಗೆ, ತುಂಬಿದ್ದು ಬಾಯಿ ಮೇಲೆ. ಗುಂಡು ಕೂರಿಸುವ ಮೊದಲು ಪ್ರತಿಯೊಂದಕ್ಕೂ ಟಾರ್ಚ್ ಬಿಟ್ಟು ನೋಡು.

ತೋಟೆಯ ಡಬ್ಬಿಯಲ್ಲಿ ನಲವತ್ತಾರು ಉಳಿದಿದ್ದವು. ಹಾರ್ಲನ್ ಒಂದೊಂದನ್ನೇ ಟೊಳ್ಳು ಪ್ಲಾಸ್ಟಿಕ್ ಸುತ್ತಿಗೆಯೊಳಗೆ ಸಿಕ್ಕಿಸಿ ಮರದ ಕೊರಡಿಗೆ ಕುಟ್ಟುತ್ತಿದ್ದ. ಕುಟ್ಟಿದ ಏಟಿಗೆ ಗುಂಡೂ ಮದ್ದೂ ಒಳಗೇ ಕಳಚಿಕೊಳ್ಳುತ್ತಿದ್ದವು. ಅವನ್ನು ಬಿಳಿ ಬಸಿಗೆ ಸುರಿದು ಮದ್ದನ್ನು ತಕ್ಕಡಿಗೆ ಹಾಕುತ್ತಿದ್ದ. ಮೊದಲ ಐದು ಕೂದಲೆಳೆ ವ್ಯತ್ಯಾಸವಿಲ್ಲದೆ ತೂಗಿದವು.

"ನೋಡಿದ್ಯಾ?" ಎಂದ ವರ್ಲಿನ್. "ಅಂಗಡಿಯವ್ರು ತೂಗ್ತಾರಾ ಹೀಗೆ?"

ಆರನೆಯದರಿಂದ ಬಸಿಗೆ ಬಿದ್ದದ್ದು ಬರಿಯ ಗುಂಡು. ಟಣ್ ಎಂದು ಉರುಳಿ ಅಂಚಿಗೆ ನಿಂತಿತು. ಎಲ್ಲ ಮುಗಿಯುವ ಹೊತ್ತಿಗೆ ಅಂಥವು ಏಳು ಸಿಕ್ಕವು. ಆದರೆ ಹಾರ್ಲನ್ ಪಕ್ಕಕ್ಕೆ ಎತ್ತಿಟ್ಟದ್ದು ಬೇರೆ ಮೂರನ್ನು. ಅವುಗಳಿಂದ ಬಿದ್ದ ಮದ್ದು ಉಳಿದವುಗಳ ಹಾಗೆ ದುಂಡನೆಯ ಕಾಳಾಗಿರಲಿಲ್ಲ. ಚಪ್ಪಟೆ ಹೊಟ್ಟಿನಂಥ ಪುಡಿ ಅದು, ಹಗುರ ತೋಟೆಗೆ ಚಿಟಿಕೆಯಷ್ಟು ಹಾಕುವಂಥದ್ದು.

"ಎರಡು ಡಬ್ಬಿ ತೆರೆದಿದ್ದೆ ನೀನು," ಎಂದ. "ಈ ಪುಡೀನ ಆ ಕಾಳಿನ ಅಳತೆಗೆ ತುಂಬಿದೀಯ. ಇದು ಹಾರಿದ್ರೆ ರಿವಾಲ್ವರ್ ಅಲ್ಲ ವರ್ಲಿನ್, ಕೈಯೇ ಹೋಗ್ತಿತ್ತು."

ವರ್ಲಿನ್ ಗೋಡೆಯ ಮೇಲಿನ ತನ್ನ ಅಕ್ಷರವನ್ನು ನೋಡುತ್ತ ನಿಂತ. ಹಾರ್ಲನ್ ಬಸಿಯನ್ನು ಕೆಳಗಿಟ್ಟು, "ಸಿಗರೇಟು ಟ್ರಕ್ಕಲ್ಲೇ ಬಿಟ್ಟೆ ಅನ್ಸುತ್ತೆ" ಎಂದು ಹೊರಗೆ ಹೋದ. ಅವನು ಸಿಗರೇಟು ಬಿಟ್ಟು ಆರು ವರ್ಷವಾಗಿತ್ತು.

ಆರ್ಡಿಸ್‌ಗೆ ಇದು ಪೂರ್ತಿ ಹೊಸದಲ್ಲ. ವಸಂತದಲ್ಲಿ ಅವನ ಕನ್ನಡಕ ಫ್ರಿಜ್ಜಿನ ಮೊಟ್ಟೆಯ ತಟ್ಟೆಯಲ್ಲಿ ಸಿಕ್ಕಿತ್ತು. ಸತ್ತು ಮೂರು ವರ್ಷವಾದ ನಾಯಿಗೆ ಅವನು ಎರಡು ಸಲ ಸೀಟಿ ಹಾಕಿ ಕರೆದಿದ್ದ. ವಯಸ್ಸಾಯಿತು, ಯಾರಿಗಿಲ್ಲ ಮರೆವು ಎಂದು ಅವಳು ಎಲ್ಲವನ್ನೂ ಬೂದಿಯೊಳಗಿನ ಕೆಂಡದ ಹಾಗೆ ಮುಚ್ಚಿಟ್ಟಿದ್ದಳು. ಈಗಲೂ ಮುಚ್ಚಲು ನೋಡಿದಳು.

"ತಪ್ಪು ನಂದು," ಎಂದಳು. "ಅವತ್ತು ನೀನು ತುಂಬ್ತಾ ಇದ್ದಾಗ ನಾನೇ ಬಾಗಿಲು ತೆಗ್ದು ಒಳಗೆ ಬಂದೆ. ನಲ್ಲಿ ಸೋರ್ತಾ ಇದೆ ಅಂತ ಏನೇನೋ ಹರಟಿದೆ. ನಿಂಗೆ ಲೆಕ್ಕ ತಪ್ಪೋಯ್ತು."

"ಗಂಟು ಇತ್ತಾ ಬಾಗಿಲಿಗೆ?"

"ಇತ್ತು. ಆದ್ರೂ ಬಂದೆ."

ವರ್ಲಿನ್ ಅವಳ ಮುಖವನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

"ನಲವತ್ತೊಂದು ವರ್ಷದಲ್ಲಿ ನೀನು ಒಂದು ಸಲಾನೂ ಆ ಬಾಗಿಲು ತೆಗೆದಿಲ್ಲ ಆರ್ಡಿಸ್. ಅದು ನಂಗೆ ನೆನಪಿದೆ."

ಅವನು ತೋಟೆಯ ಡಬ್ಬಿಯ ಮೇಲಿನ ಚೀಟಿಯನ್ನು ಹೆಬ್ಬೆರಳಿನಿಂದ ಸವರಿದ.

"ಇದು ನನ್ನ ಅಕ್ಷರ. ಆದ್ರೆ ಇದನ್ನ ತುಂಬಿದ್ದು ನೆನಪಿಲ್ಲ. ಚೂರೂ ಇಲ್ಲ." ಅವನ ದನಿ ಸಣ್ಣದಾಯಿತು. "ಹೋದ ವರ್ಷ ಗುಡ್ಡದ ಮೇಲೆ ನಿನ್ನ ಹಿಂದೆ ನಾನು ನಿಂತಿದ್ನಲ್ಲ... ಆಗ ಆ ತೋಟೆಗಳ ಒಳಗೆ ಏನಿತ್ತು ಹೇಳು? ಏನು ಇಟ್ಕೊಂಡು ನಿಂತಿದ್ದೆ ನಾನು?"

ಆರ್ಡಿಸ್ ಅತ್ತಳು. ಜೋರಾಗಿಯೇ ಅತ್ತಳು. ಹೋದ ವರ್ಷದ ಜಾಮು ಇನ್ನೂ ಅಟ್ಟಣಿಗೆಯ ಮೇಲಿತ್ತು. ಆ ಹಣ್ಣುಗಳನ್ನು ಬಿಡಿಸುವಾಗ ತಾನು ಹಾಡುತ್ತಿದ್ದೆ ಎಂಬುದು ನೆನಪಾಗಿ ಇನ್ನಷ್ಟು ಅಳು ಬಂತು. ವರ್ಲಿನ್ ಹೊರಗೆ ಹೋಗಿ ಹಿಡಿಯಿಂದ ಕೆಂಪು ಕರವಸ್ತ್ರ ಬಿಚ್ಚಿಕೊಂಡು ಬಂದು ಅವಳಿಗೆ ಕೊಟ್ಟ. ಅವಳು ಅದರಲ್ಲೇ ಮೂಗು ಒರೆಸಿಕೊಂಡಳು. ಸಂಜೆಯೊಳಗೆ ಮದ್ದಿನ ಡಬ್ಬಿ, ಕೇಪು, ತಕ್ಕಡಿ ಎಲ್ಲ ಹಾರ್ಲನ್‌ನ ಟ್ರಕ್ಕಿಗೆ ಹೋದವು. ಎತ್ತಿ ಕೊಟ್ಟವನು ವರ್ಲಿನ್ನೇ.

ಹತ್ತು ದಿನದ ಮೇಲೆ ಮತ್ತೆ ಜಲ್ಲಿಗುಂಡಿಗೆ ಬಂದರು, ಇಬ್ಬರೇ. ನಳಿಗೆಯನ್ನು ಹಾರ್ಲನ್ ಸರಿಮಾಡಿ ಕೊಟ್ಟಿದ್ದ. ತೋಟೆ ಅಂಗಡಿಯದು. ರಿವಾಲ್ವರ್ ಈಗ ಆರ್ಡಿಸ್‌ನ ಸೊಂಟದಲ್ಲಿತ್ತು. ಅವಳು ಅದನ್ನು ಈವರೆಗೆ ಒಮ್ಮೆಯೂ ಹಾರಿಸಿರಲಿಲ್ಲ. ಅದರ ಒದೆತ ಕಂಡರೆ ಅವಳಿಗಾಗದು.

ವರ್ಲಿನ್ ಕರವಸ್ತ್ರವನ್ನು ಮಡಿಸಿ ಅವಳ ಅಂಗೈಗೆ ಸುತ್ತಿದ, ಹಿಡಿ ಒತ್ತದಿರಲಿ ಎಂದು. ಹಿಂದೆ ನಿಂತು ಅವಳ ಮೊಣಕೈಗಳನ್ನು ಹಗುರವಾಗಿ ಹಿಡಿದುಕೊಂಡ.

"ಒದೆಯುತ್ತೆ. ಒದೀಲಿ. ಬಿಗಿಹಿಡಿದು ನಿಲ್ಲಿಸ್ತೀನಿ ಅಂತ ಹೋದ್ಯೋ, ಮಣಿಕಟ್ಟು ಹೋಯ್ತು. ಮೇಲಕ್ಕೆ ಹೋಗೋಕೆ ಬಿಡು. ತಾನೇ ಇಳಿಯುತ್ತೆ."

ಮೊದಲ ಗುಂಡಿಗೆ ಅವಳ ಟೋಪಿ ಹಾರಿತು.

"ತಟ್ಟೆಗೆ ಏನೂ ಆಗಿಲ್ಲ," ಎಂದು ವರ್ಲಿನ್ ನಕ್ಕ. "ಅದರ ಹಿಂದಿನ ಗುಡ್ಡ ಮಾತ್ರ ಇನ್ನು ಏಳಲ್ಲ ಬಿಡು."

ಮೂರನೆಯದಾದ ಮೇಲೆ ಅವನು ಅವಳ ಮೊಣಕೈ ಹಿಡಿದು ಹೇಳಿದ: "ಒದೆಯುತ್ತೆ. ಒದೀಲಿ. ಬಿಗಿಹಿಡಿದು ನಿಲ್ಲಿಸ್ತೀನಿ ಅಂತ ಹೋದ್ಯೋ, ಮಣಿಕಟ್ಟು ಹೋಯ್ತು..." ಆರ್ಡಿಸ್ ಮೊದಲ ಸಲ ಕೇಳುವವಳ ಹಾಗೆ ಪೂರ್ತಿ ಕೇಳಿಸಿಕೊಂಡಳು. "ಹೌದಾ?" ಎಂದಳು. ಮತ್ತೆ ಗುರಿಯಿಟ್ಟಳು. ಕೈಗಳು ಹಣೆಯ ಮಟ್ಟಕ್ಕೆ ಎದ್ದವು, ಇಳಿದವು. ಆರನೆಯದಕ್ಕೆ ತಟ್ಟೆ ಠಣ್ಣೆಂದಿತು.

ಅವಳು ಖಾಲಿ ಕೊಳವೆಗಳನ್ನು ನೆಲಕ್ಕೆ ಸುರಿದಳು. ವರ್ಲಿನ್ ಮಂಡಿಯೂರಿ ಜಲ್ಲಿಯಲ್ಲಿ ಒಂದೊಂದನ್ನೇ ಹುಡುಕಿ ಹೆಕ್ಕಿದ, ಎಂದಿನಂತೆ. ಮತ್ತೆ ತುಂಬುವವನು ಹಿತ್ತಾಳೆಯನ್ನು ಬಿಟ್ಟು ಬರುವುದುಂಟೆ? ತುಂಬುವ ಸಾಮಾನು ಈಗ ಮನೆಯಲ್ಲಿಲ್ಲ ಎಂದು ಅವಳು ನೆನಪಿಸಲಿಲ್ಲ.

"ಆರು," ಎಂದ ಅವನು. "ಎಲ್ಲಾ ಸಿಕ್ಕಿದ್ವು."

"ಜೋಪಾನ," ಎಂದಳು.

ಅವನು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ಒಳಗೆ ಇಣುಕಿ ನೋಡಿದ. ಆಮೇಲೆ ಟ್ರಕ್ಕಿನ ಮೂತಿಯ ಮೇಲೆ, ಬಿಸಿಲಲ್ಲಿ, ಶೆಡ್ಡಿನ ಗೋಡೆಯ ಮೇಲೆ ಬರೆದಿದ್ದಂತೆ ಸಾಲಾಗಿ ನಿಲ್ಲಿಸಿದ. ಆರೂ ಬಾಯಿ ಕೆಳಗೆ.