ಹಸಿರು ಬಂದರೆ ಕುಡಿಯಬಹುದು

ಮುನ್ನೂರ ಹದಿನೇಳನೆಯ ದೀಪವೂ ಕೆಂಪಿನಿಂದಲೇ ಶುರುವಾಯಿತು. ಅದರ ಎರಡು ಕಾಲುಗಳ ನಡುವೆ ಗುಂಡನೆಯ ಬ್ಯಾಟರಿಯನ್ನು ಸಿಕ್ಕಿಸಿ ಅವಳು ಬಾಯಲ್ಲೇ ಎಣಿಸಿದಳು. ಕೆಂಪು, ಹಸಿರು, ನೀಲಿ. ಆಮೇಲೆ ಮೂರೂ ಕಲೆಸಿಕೊಂಡು ಹೆಸರಿಲ್ಲದ ಬಣ್ಣಗಳು. ಸರಿಯಿದ್ದವು ಬಲಗಡೆಯ ಡಬ್ಬಿಗೆ, ಸತ್ತವು ಎಡಗಡೆಯ ಡಬ್ಬಿಗೆ.

ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯಿಂದ ಅವಳ ಅಣ್ಣ, ತಾವೇ ಬಣ್ಣ ಬದಲಿಸುವ ಈ ಎಲ್‌ಇಡಿಗಳನ್ನು ಮೂಟೆಯಲ್ಲಿ ಹೊತ್ತು ತಂದಿದ್ದ. "ಹೊಟ್ಟು ತೂಗಿದ ಹಾಗೆ ತೂಗಿ ಕೊಟ್ಟರು ಪುಟ್ಟಿ. ಏನಾದ್ರೂ ಉಪಯೋಗ ಹುಡುಕು" ಎಂದಿದ್ದ. ರಿಪೇರಿ ಅಂಗಡಿ ಅವನದು, ಕೈ ಅವಳದು. ಬೀದಿಯವರೆಲ್ಲ ಅವಳನ್ನು ಬೆಸುಗೆ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಬೆಸೆದ ಜಾಗ ಮತ್ತೆ ಬಿಡುವುದಿಲ್ಲ ಎಂದು ಹೆಸರಿತ್ತು.

ಅವಳು ಹುಡುಕಿದಳು. ಬ್ಯಾಟರಿ ಸೊರಗಿದಾಗ ಹಸಿರೂ ನೀಲಿಯೂ ಹತ್ತುವುದಿಲ್ಲ, ಕೆಂಪೊಂದೇ ಉಳಿಯುತ್ತದೆ ಎಂದು ಮೂರನೆಯ ದಿನ ಗೊತ್ತಾಯಿತು. ಬ್ಯಾಟರಿಯಲ್ಲಿ ಜೀವ ಇದೆಯೋ ಇಲ್ಲವೋ ನೋಡಲು ಇದಕ್ಕಿಂತ ಅಗ್ಗದ ಸಾಧನ ಬೇಕೆ? ಹಿಗ್ಗಿನಿಂದ ಅಣ್ಣನಿಗೆ ತೋರಿಸಿದಳು. ಅವನು ಆಕಳಿಸಿದ. "ಅದನ್ನ ಯಾರು ಕೊಳ್ತಾರೆ? ಒಂದು ಕೆಲಸ ಮಾಡು. ಗುಂಡಿ ಒತ್ತಿದ್ರೆ ಕೆಂಪು ಬರಬೇಕು, ಆಮೇಲೆ ಹಸಿರು, ಅಲ್ಲಿಗೇ ಆರಬೇಕು. ನೀಲಿ ಬರಬಾರದು. ಮಕ್ಕಳ ಆಟಕ್ಕೆ ಸಿಗ್ನಲ್ ದೀಪ."

ಅದು ಕಷ್ಟದ ಕೆಲಸವೇನಲ್ಲ. ಹಸಿರು ಬಂದು ಸ್ವಲ್ಪ ಹೊತ್ತಿಗೆ ದೀಪ ತಾನೇ ಆರುವಂತೆ ಒಂದು ಪುಟ್ಟ ಸರ್ಕೀಟು ಮಾಡಿದಳು. ಇನ್ನೂರು ಮಾಡಿಕೊಟ್ಟಳು. ಕಣ್ಣು ಉರಿಯುತ್ತಿದ್ದರೂ, ಎಲ್ಲೋ ಮಕ್ಕಳು ಆಡುತ್ತವಲ್ಲ ಎಂದು ಒಂದೊಂದನ್ನೂ ಎರಡೆರಡು ಸಲ ಪರೀಕ್ಷಿಸಿದಳು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಪಕ್ಕದ ಬೀದಿಯ ಶಿಶುವಿಹಾರದ ಆಯಾ ಅಂಗಡಿಗೆ ಬಂದಳು. ಸೆರಗಿನಿಂದ ಬಿಳಿಯ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಬಿಡಿಸಿ ಮೇಜಿನ ಮೇಲಿಟ್ಟಳು. ತುದಿಯಲ್ಲಿ ಎರಡು ಉಕ್ಕಿನ ಮುಳ್ಳು, ಮೇಲೊಂದು ಗುಂಡಿ, ಗುಂಡಿಯ ಪಕ್ಕದಲ್ಲಿ ಚೀಟಿ: ಹಸಿರು ಬಂದರೆ ಕುಡಿಯಬಹುದು.

"ಬೆಸುಗೆ ಅಕ್ಕ, ಇದು ಕೆಟ್ಟಿದೆಯೋ ನಮ್ಮ ನೀರೇ ಕೆಟ್ಟಿದೆಯೋ ನೋಡಿ. ಎಷ್ಟು ಸಲ ಅದ್ದಿದ್ರೂ ಹಸಿರಾಗ್ತಿಲ್ಲ."

"ಇದೆಲ್ಲಿ ಸಿಕ್ತು ಆಯಮ್ಮ?"

"ಮನೆಮನೆಗೂ ಬಂದು ಮಾರಿದ್ರಲ್ಲ. ಇದು ಬಂದಮೇಲೆ ನೀರು ಕಾಯಿಸೋದೇ ಬಿಟ್ಟಿದ್ವಿ. ಹೋದ ವಾರ ನಾಲ್ಕು ಮಕ್ಕಳಿಗೆ ವಾಂತಿ ಭೇದಿ. ಒಂದಂತೂ ಕಣ್ಣೇ ಮೇಲೆ ಮಾಡಿಬಿಟ್ಟಿತ್ತು, ಆಸ್ಪತ್ರೆಗೆ ಹೊತ್ಕೊಂಡು ಓಡಿದ್ವಿ. ಆಗಲೂ ಇದು ಹಸಿರೇ ತೋರಿಸ್ತಿತ್ತು. ಮೊನ್ನೆಯಿಂದ ಕೆಂಪಲ್ಲೇ ನಿಂತಿದೆ. ಹೆದರಿ ಮತ್ತೆ ಕಾಯಿಸ್ತಿದ್ದೀವಿ. ಈಗ ಮಕ್ಕಳು ಪರವಾಗಿಲ್ಲ."

ಅವಳು ತಿರುಪು ಬಿಚ್ಚಿದಳು. ಒಳಗಿದ್ದ ಬೆಸುಗೆಯನ್ನು ನೋಡಿದ ಕೂಡಲೇ ತನ್ನದೇ ಎಂದು ಗುರುತು ಹತ್ತಿತು. ತನ್ನ ಅಕ್ಷರ ತನಗೆ ಗೊತ್ತಾಗದೆ ಇರುತ್ತದೆಯೇ? ಉಕ್ಕಿನ ಮುಳ್ಳುಗಳಿಗೂ ದೀಪಕ್ಕೂ ನಡುವೆ ಒಂದು ಎಳೆ ತಂತಿಯೂ ಇರಲಿಲ್ಲ. ಬ್ಯಾಟರಿ ಸೊರಗಿತ್ತು, ಅಷ್ಟೆ. ಇನ್ನೂರರಲ್ಲಿ ನಿಜ ಹೇಳಿದ್ದು ಈ ಕೆಟ್ಟುಹೋದದ್ದು ಒಂದೇ.

ಅವಳು ಹೊಸ ಬ್ಯಾಟರಿ ಹಾಕಿದಳು. ಅಂಗಡಿಯ ಮುಂದಿನ ಚರಂಡಿಗೆ ಹೋಗಿ ಲೋಟದಲ್ಲಿ ಕಪ್ಪು ನೀರು ಮೊಗೆದು ತಂದಳು. ಕಡ್ಡಿ ಅದ್ದಿ ಗುಂಡಿ ಒತ್ತಿದಳು. ಕೆಂಪು. ಆಮೇಲೆ, ಚಿಗುರಿನಂಥ ಹಸಿರು.

ಆಯಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ನನ್ನ ಕೈಯಾರೆ ಕುಡಿಸ್ದೆನಲ್ಲ" ಎಂದಳು.

ಅಣ್ಣ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಹಿಂದಿನ ಬಾಗಿಲಿಂದ ಬಂದ. ಕಡ್ಡಿಯನ್ನು ನೋಡಿದ, ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಮಕ್ಕಳ ಆಟಕ್ಕೆ ಅಂದೆಯಲ್ಲ ನನಗೆ?"

"ನಿಜ ಹೇಳಿದ್ರೆ ಮಾಡಿಕೊಡ್ತಿದ್ಯಾ?"

"ನಾಲ್ಕು ಮಕ್ಕಳು ಹಾಸಿಗೆ ಹಿಡಿದ್ವು. ಒಂದು ಸಾಯೋ ಹಾಗಾಗಿತ್ತು."

"ನಾನೇನು ವಿಷ ಮಾರಿದ್ನಾ? ಜನಕ್ಕೆ ನೀರು ಅಂದ್ರೆ ಭಯ. ನಾನು ಧೈರ್ಯ ಮಾರ್ದೆ. ಎಲ್ಲರೂ ಮಾರೋದು ಅದನ್ನೇ."

ಅವಳು ಲೋಟವನ್ನು ಎತ್ತಿ ಅವನ ಬಾಯಿಯ ಮಟ್ಟಕ್ಕೆ ಹಿಡಿದಳು. "ಹಸಿರು ಬಂದಿದೆ. ಕುಡಿ."

"ಹುಚ್ಚು ಹಿಡೀತಾ ನಿನಗೆ?"

"ಒಂದೇ ಗುಟುಕು. ನೀನು ಮಾರಿದ ಧೈರ್ಯ ನಿನ್ನ ಹತ್ರ ಎಷ್ಟಿದೆ, ನೋಡೇಬಿಡೋಣ. ಕುಡಿಯೋ!"

ನಲವತ್ತು ವರ್ಷದಲ್ಲಿ ಅವಳು ಅಣ್ಣನಿಗೆ ಹೀಗೆ ಮಾತಿನ ಕೊನೆಗೆ 'ಓ' ಹಚ್ಚಿದ್ದು ಅದೇ ಮೊದಲು. ಅವನು ಲೋಟಕ್ಕೆ ಬಲವಾಗಿ ಹೊಡೆದ. ಕಪ್ಪು ನೀರು ಮೇಜಿನ ಮೇಲೆಲ್ಲ ಚೆಲ್ಲಿತು.

"ಗಂಡನ ಮನೆ ಬಿಟ್ಟು ಬಂದೋಳಿಗೆ ಈ ಮೇಜು ಕೊಟ್ಟೋನು ನಾನು. ನೆನಪಿರಲಿ."

"ಇದೆ. ಅದಕ್ಕೇ ಹದಿಮೂರು ವರ್ಷ ನೀನು ಕೊಟ್ಟಿದ್ದಕ್ಕೆಲ್ಲ ಬೆಸುಗೆ ಹಾಕ್ದೆ. ಕೇಳಬೇಕಾದ್ದನ್ನ ಕೇಳಲಿಲ್ಲ." ಕಾವು ಆರದ ಬೆಸುಗೆಕಡ್ಡಿಯನ್ನು ಪ್ಲಗ್ಗಿನಿಂದ ಕಿತ್ತು, ಹಳೆಯ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. "ಹೋಗಿ ಹೇಳ್ತೀನಿ. ಮನೆಮನೆಗೂ."

"ಹೋಗು ಹೋಗು. ಅದರೊಳಗಿರೋದು ನಿನ್ನ ಕೈಯ ಬೆಸುಗೆ, ನನ್ನದಲ್ಲ. ಜನ ಯಾರನ್ನ ಹಿಡಿದು ಬಡೀತಾರೋ ನೋಡ್ಕೋ."

ಅವಳು ಆ ಬಿಳಿಯ ಕಡ್ಡಿಯನ್ನೂ ಎತ್ತಿಕೊಂಡು ಮೆಟ್ಟಿಲು ಇಳಿದಳು. ದಾರಿ ತೋರಿಸಲು ಆಯಾ ಮುಂದೆ ಮುಂದೆ ನಡೆದಳು.

ಮೊದಲ ಮನೆಯವರು ನಂಬಲಿಲ್ಲ. ಎರಡನೆಯ ಮನೆಯ ದರ್ಜಿ, "ಬೇರೆ ಕಂಪನಿಯವರು ಕಳಿಸಿದ್ರಾ ನಿಮ್ಮನ್ನ?" ಎಂದು ನಕ್ಕ. ಮೂರನೆಯ ಮನೆಯ ಮುದುಕಪ್ಪ ತನ್ನ ಕಡ್ಡಿಯನ್ನು ಎದೆಗವಚಿಕೊಂಡು, "ಚೆನ್ನಾಗಿ ಕೆಲಸ ಮಾಡ್ತಿದೆ, ನಿಮ್ಮ ಕೆಲಸ ನೀವು ನೋಡ್ಕೊಳ್ಳಿ" ಎಂದು ಬಾಗಿಲು ಹಾಕಿದ. ಅವಳ ಸಿಟ್ಟು ಇಳಿಯಲಿಲ್ಲ. ಇನ್ನೊಂದು ಬಾಗಿಲನ್ನು ಮುಂಚಿಗಿಂತ ಜೋರಾಗಿ ತಟ್ಟಿದಳು.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡ ಹೆಂಗಸೊಬ್ಬಳು ಬಾಗಿಲು ತೆಗೆದಳು. ಬೆಸುಗೆ ಅಕ್ಕ ನೀರಿಗೆ ಅದ್ದದೆ, ಗಾಳಿಯಲ್ಲಿಯೇ ಕಡ್ಡಿ ಹಿಡಿದು ಗುಂಡಿ ಒತ್ತಿದಳು. ಹೆಂಗಸು ಬಣ್ಣ ಬದಲಾಗುವುದನ್ನು ಕೊನೆಯವರೆಗೆ ನೋಡಿದಳು.

"ಇದನ್ನ ಯಾರು ಮಾಡಿದ್ದು?"

"ನಾನು."

ಹೆಂಗಸು ಕೂಸನ್ನು ಆಯಾಳ ಕೈಗೆ ಕೊಟ್ಟು ಒಳಗೆ ಹೋದಳು. ತುಂಬಿದ ಕೊಡವನ್ನು ಎರಡೂ ಕೈಯಲ್ಲಿ ತಬ್ಬಿ ತಂದು, ಹೊಸ್ತಿಲ ಮೇಲೆ ನಿಂತು, ಬೆಸುಗೆ ಅಕ್ಕನ ಮುಖವನ್ನೇ ದಿಟ್ಟಿಸುತ್ತ ಹೊರಗೆ ಬಗ್ಗಿಸಿದಳು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು ಅವಳ ಚಪ್ಪಲಿಗಳ ಸುತ್ತ ಹರಡಿತು. ಕೊಡ ಪೂರ್ತಿ ಬರಿದಾಗುವವರೆಗೆ ಅವಳು ಕಾಲು ಕದಲಿಸಲಿಲ್ಲ.