ಸುತ್ತುಬಳಸು

ಬಳಗದಲ್ಲಿ ಅವನ ಹೆಸರು ಚಟಾಕಿ. ಪದಬಂಧ ಬಿಡಿಸುವ ಹುಚ್ಚು ಹತ್ತಿದ ಎರಡು ಸಾವಿರ ಜನ ಆನ್‌ಲೈನ್‌ನಲ್ಲಿ ಕಟ್ಟಿಕೊಂಡ ಬಳಗ ಅದು. ಯಾರೂ ಯಾರ ಮುಖವನ್ನೂ ಕಂಡವರಲ್ಲ, ಎಲ್ಲರಿಗೂ ಅಡ್ಡಹೆಸರೇ. ಯಾರೇ ಏನೇ ಬರೆಯಲಿ, ಎರಡನೇ ನಿಮಿಷಕ್ಕೆ ಚಟಾಕಿಯ ಉತ್ತರ ಬಂದು ಬೀಳುತ್ತಿತ್ತು. ಓದಿದವರು ಬಸ್ಸಿನಲ್ಲಿ ಕೂತಲ್ಲೇ ತಮ್ಮಷ್ಟಕ್ಕೆ ನಕ್ಕು ಪಕ್ಕದವರಿಂದ ದುರುಗುಟ್ಟಿಸಿಕೊಳ್ಳಬೇಕು. 'ಇವನ ನಾಲಿಗೆಗೆ ಲೈಸೆನ್ಸ್ ಮಾಡಿಸ್ರಪ್ಪ' ಎಂದು ಡ್ರೈವರಣ್ಣ ಎಂಬ ಲಾರಿ ಚಾಲಕ ಬರೆದದ್ದನ್ನು ಅವನು ಫೋನಿನಲ್ಲಿ ಜೋಪಾನವಾಗಿ ಉಳಿಸಿಕೊಂಡಿದ್ದ.

ನಿಜ ಹೇಳಬೇಕೆಂದರೆ ಆ ನಾಲಿಗೆ ಇದ್ದದ್ದು ಅವನ ಎರಡು ಹೆಬ್ಬೆರಳುಗಳಲ್ಲಿ. ಬಾಯಿಯಲ್ಲಿದ್ದ ನಾಲಿಗೆಯ ಕತೆಯೇ ಬೇರೆ. ಅವನಿಗೆ ಉಗ್ಗು. ಅಲ್ಪಸ್ವಲ್ಪವಲ್ಲ; ಒಂದು ಪದ ಸಿಕ್ಕಿಕೊಂಡಿತೆಂದರೆ ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿ, ಎದುರಿಗಿದ್ದವರು ಗಡಿಯಾರ ನೋಡುವಷ್ಟು. ಅದಕ್ಕೇ ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆ ಸೇರಿಕೊಂಡಿದ್ದು. ಅಲ್ಲಿ ಚೀಟಿಯಲ್ಲಿ ಪವರ್ ಬರುತ್ತದೆ, ಚೌಕಟ್ಟಿನ ಅಳತೆಗೆ ಉಜ್ಜಿದ ಗಾಜು ಹೊರಗೆ ಹೋಗುತ್ತದೆ, ನಡುವೆ ಸಾಣೆಯ ಚಕ್ರವೊಂದೇ ಮಾತಾಡುತ್ತದೆ.

ಚಿಕ್ಕಂದಿನಿಂದ ಅವನು ಒಂದು ವಿದ್ಯೆ ಕಲಿತಿದ್ದ. ತೊಡಕಿನ ಪದ ಹತ್ತು ಮಾರು ದೂರದಲ್ಲಿರುವಾಗಲೇ ಅದನ್ನು ಗುರುತು ಹಿಡಿದು ಪಕ್ಕದ ಗಲ್ಲಿಗೆ ತಿರುಗಿಬಿಡುವುದು. ಬುಧವಾರ ಬಾಯಿಗೆ ಬರದಿದ್ದರೆ 'ನಾಡಿದ್ದು'. ಬಸ್ಸಿನಲ್ಲಿ ತನ್ನ ಸ್ಟಾಪಿನ ಹೆಸರು ಏಳದಿದ್ದರೆ ಮುಂದಿನ ಸ್ಟಾಪಿಗೆ ಟಿಕೆಟ್ ತಗೊಂಡು, ಇಳಿದು, ಬಿಸಿಲಲ್ಲಿ ಹಿಂದಕ್ಕೆ ನಡೆಯುವುದು.

ಮದುವೆಯಾದ ಮೇಲೆ ಈ ಕಷ್ಟ ಅರ್ಧ ಕಮ್ಮಿಯಾಯಿತು, ಅಥವಾ ಇಬ್ಬರೂ ಹಾಗೆ ಅಂದುಕೊಂಡರು. ಹೆಂಡತಿ ಆಸ್ಪತ್ರೆಯೊಂದರ ರಿಸೆಪ್ಷನ್ನಿನಲ್ಲಿ ಕೂರುವವಳು. ನರಳುತ್ತ ಬಂದವರು ಬಾಯಿ ತೆರೆಯುವ ಮೊದಲೇ ಯಾವ ಡಾಕ್ಟರ ಹತ್ತಿರ ಕಳಿಸಬೇಕೆಂದು ತಿಳಿಯುವವಳು. ಮನೆಯಲ್ಲೂ ಅದೇ ಚುರುಕು. ಅವನು "ನೀ... ನೀ..." ಎಂದರೆ ಸಾಕು, ನೀರಿನ ಲೋಟ ಕೈಗೆ ಬಂದಿರುತ್ತಿತ್ತು. ಅವನು ಹೇಳಹೊರಟಿದ್ದು 'ನೀನು ಇವತ್ತು ಚೆನ್ನಾಗಿ ಕಾಣ್ತಿದ್ದೀಯ' ಎಂದಿದ್ದರೂ, ಪಾಪ, ಅಷ್ಟು ಪ್ರೀತಿಯಿಂದ ತಂದಿದ್ದಾಳೆ ಎಂದು ಕುಡಿದುಬಿಡುತ್ತಿದ್ದ. ಹನ್ನೆರಡು ವರ್ಷದಲ್ಲಿ ಅವನು ಕೇಳದೆ ಕುಡಿದ ನೀರಿಗೆ ಲೆಕ್ಕವಿಲ್ಲ.

ಹೀಗಿರುವಾಗ ಬಳಗಕ್ಕೆ ಐದು ವರ್ಷ ತುಂಬಿತು. ಬಳಗವನ್ನು ಕಟ್ಟಿದ ಹೆಡ್‌ಮೇಡಂ, ಶಾಲೆಯಿಂದ ನಿವೃತ್ತರಾದರೂ ಗದರುವುದರಿಂದ ನಿವೃತ್ತರಾಗದ ಹೆಂಗಸು, ಒಂದು ಅಪ್ಪಣೆ ಹೊರಡಿಸಿದರು. 'ಎಲ್ಲರೂ ಸೇರಿ ನೇರಪ್ರಸಾರದಲ್ಲಿ ಪದ ಊಹಿಸುವ ಆಟ ಆಡೋಣ. ಟೀವಿಯಲ್ಲಿ ಬಂದದ್ದರ ನಕಲು ನನಗೆ ಬೇಡ. ಹೊಸದು ಬೇಕು. ಚಟಾಕಿ, ನಿನ್ನ ಕೆಲಸ.'

ಚಟಾಕಿ ನಾಲ್ಕು ದಿನ ಸಾಣೆಯ ಮುಂದೆ ಕೂತು ಗಾಜಿನ ಜೊತೆ ಆಟವನ್ನೂ ಉಜ್ಜಿದ. ಹೆಸರು: ಸುತ್ತುಬಳಸು. ಒಬ್ಬರಿಗೆ ಗುಟ್ಟಾಗಿ ಒಂದು ಪದ ಕೊಡುವುದು. ಅವರು ಅದನ್ನು ಬಾಯಿಬಿಟ್ಟು ಹೇಳದೆ, ಸುತ್ತಿ ಬಳಸಿ ಮಾತಾಡಿ, ಒಂದು ನಿಮಿಷದಲ್ಲಿ ಉಳಿದವರಿಂದ ಹೇಳಿಸಬೇಕು. ಇಷ್ಟಾದರೆ ಹೊಸತೇನು ಬಂತು? ಅವನು ದಾರಿಗಳನ್ನು ಮುಚ್ಚುತ್ತ ಹೋದ. ಮೊದಲ ಸುತ್ತಿನಲ್ಲಿ ಎಲ್ಲ ದಾರಿಯೂ ತೆರೆದಿರುತ್ತದೆ. ಎರಡನೆಯದರಲ್ಲಿ ಆ ವಸ್ತು ಯಾವ ಉಪಯೋಗಕ್ಕೆ ಎನ್ನುವಂತಿಲ್ಲ. ಮೂರನೆಯದರಲ್ಲಿ ಎಲ್ಲಿರುತ್ತದೆ ಎಂದೂ ಹೇಳುವಂತಿಲ್ಲ. ಬಳಗದವರು ಓದಿ ಕುಣಿದಾಡಿದರು. 'ಇಂಥದ್ದು ಹೇಗಪ್ಪ ಹೊಳೀತು ನಿಂಗೆ?' ಎಂದು ಕೇಳಿದ್ದಕ್ಕೆ ಮಾತ್ರ ಅವನು ಉತ್ತರಿಸಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದ. ಮಾತಾಡುವವರು ನಡುವೆ ಸುಮ್ಮನಾದರೆ ಕೇಳುವವರು ಎದ್ದು ಹೋಗುವುದಿಲ್ಲವೇ ಎಂದು ಯಾರೋ ಕೇಳಿದರು. ಹೊಗಳಿಕೆ ತಲೆಗೇರಿತ್ತು, ಹೆಬ್ಬೆರಳು ತಡೆಯಲಿಲ್ಲ. 'ಮೂರು ಎಣಿಸುವಷ್ಟರಲ್ಲಿ ಬಾಯಿ ಬಿಡದವರಿಗೆ ಗಂಟೆ ಹೊಡೆದು ಮನೆಗೆ ಕಳಿಸೋದು. ಮೂಕರ ಸಂತೆಯಲ್ಲ ಇದು' ಎಂದು ಬರೆದ. ನೂರಾರು ಜನ ಬಿದ್ದು ಬಿದ್ದು ನಕ್ಕ ಚಿತ್ರ ಹಾಕಿದರು. ಅದರ ಬೆನ್ನಿಗೇ ಹೆಡ್‌ಮೇಡಂ ಮುಗಿಸಿದರು: 'ಭಾನುವಾರ ಸಂಜೆ ನಾಲ್ಕಕ್ಕೆ. ಧ್ವನಿ ಮಾತ್ರ, ಮುಖ ಬೇಡ. ನಡೆಸಿಕೊಡೋದು ಚಟಾಕಿ. ಮೊದಲು ಆಡಿ ತೋರಿಸೋದೂ ಅವನೇ.'

ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

ಆ ವಾರ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಎರಡು ಕೋಣೆಯ ಮನೆಯಲ್ಲಿ ಓಡಾಡಿದ. ಹಾಕಿದ ಬೀಗವನ್ನು ಅರ್ಧ ಬೀದಿ ದಾಟಿದ ಮೇಲೆ ಬಂದು ಮತ್ತೆ ಎಳೆದು ನೋಡಿದ. ಮಂಗಳವಾರ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿದ. ಹಾಕಿಕೊಂಡ ಗಿರಾಕಿ ಅಂಗಡಿಯ ಮೆಟ್ಟಿಲನ್ನೇ ತಪ್ಪಿ ಕಾಲಿಟ್ಟರು. "ಏನಯ್ಯ ಇದು, ಹದಿನೈದು ವರ್ಷದಲ್ಲಿ ಒಂದು ದಿನ ಹೀಗಾಗಿರಲಿಲ್ಲ" ಎಂದು ಮಾಲೀಕರು ಬೈಯುವುದನ್ನೂ ಮರೆತು ಕೇಳಿದರು. ಗುರುವಾರ ಸಾಣೆಗೆ ಬೆರಳು ತಾಗಿಸಿಕೊಂಡ. ಜ್ವರ ಬಂದರೆ ಎಷ್ಟು ಚೆನ್ನ ಎಂದು ದಿನಕ್ಕೆ ಹತ್ತು ಸಲ ಹಣೆ ಮುಟ್ಟಿ ನೋಡಿಕೊಂಡ, ಬರಲಿಲ್ಲ.

ಅವನ ಹೆದರಿಕೆ ಜನ ನಗುತ್ತಾರೆಂದಲ್ಲ. ಜನರ ನಗುವನ್ನು ಶಾಲೆಯಲ್ಲೇ ಹೊಟ್ಟೆ ತುಂಬ ತಿಂದಿದ್ದ. ಅವರು ಮರುಕ ಪಡುತ್ತಾರೆ ಎಂಬುದೇ ಹೆದರಿಕೆ. ಇಡೀ ಭೂಮಿಯ ಮೇಲೆ ಆ ಬಳಗದಲ್ಲಿ ಮಾತ್ರ ಅವನು ಉಗ್ಗನಲ್ಲ, ಚಟಾಕಿ. ಭಾನುವಾರ ನಾಲ್ಕು ಗಂಟೆಗೆ ಅದೂ ಹೋಗಲಿತ್ತು.

ಶುಕ್ರವಾರ ಹೆಂಡತಿ ಅವನ ಫೋನು ಇಸಿದುಕೊಂಡು ಎಲ್ಲ ಓದಿದಳು.

"ಇದಕ್ಕಾ ಊಟ ಬಿಟ್ಟಿರೋದು? ರೀ, ನನ್ನ ತಮ್ಮನ್ನ ಕರೆಸ್ತೀನಿ. ಮುಖ ಕಾಣಲ್ಲ ತಾನೇ? ಅವನೇ ನೀವಾಗಿ ಮಾತಾಡ್ಲಿ. ನೀವು ಪಕ್ಕದಲ್ಲಿ ಕೂತ್ಕೊಂಡು ಗಂಟೆ ಹೊಡೀರಿ."

"ಅದು ಮೋ... ಮೋ..."

"ಮೋಸ ಏನಿಲ್ಲ, ಸುಮ್ನಿರಿ."

ಅವನು ಒಪ್ಪಿಕೊಂಡ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹಗುರವಾಯಿತು.

ಅವಳ ತಮ್ಮ ಗೃಹೋಪಯೋಗಿ ಸಾಮಾನಿನ ಅಂಗಡಿಯ ಮುಂದೆ ಮೈಕ್ ಹಿಡಿದು ಆಫರ್ ಕೂಗುವವನು. ಬೆಳಗಿನಿಂದ ಸಂಜೆವರೆಗೆ ಉಸಿರು ತೆಗೆದುಕೊಳ್ಳದೆ ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ ಎಂದು ಬಡಬಡಿಸಬಲ್ಲ. ಭಾನುವಾರ ಮೂರಕ್ಕೇ ಬಂದು, "ಭಾವ, ನೀವು ಆರಾಮಾಗಿರಿ. ಮಾತಾಡೋದು ಒಂದು ಕೆಲಸಾನಾ?" ಎಂದ. ಚಟಾಕಿ ಮೇಜಿನ ಮೇಲೆ ಹೆಂಡತಿ ಆಸ್ಪತ್ರೆಯಿಂದ ತಂದ ಗಂಟೆ ಇಟ್ಟುಕೊಂಡ. ತಲೆಯ ಮೇಲೆ ಒತ್ತಿದರೆ 'ಟಿಣ್' ಎನ್ನುವ ಗಂಟೆ.

ನಾಲ್ಕಕ್ಕೆ ನೂರ ನಲವತ್ತು ಜನ ಸೇರಿದ್ದರು.

"ಬನ್ನಿ ಬನ್ನಿ ಬನ್ನಿ! ನಿಮ್ಮ ಪ್ರೀತಿಯ ಚಟಾಕಿಯಿಂದ ಭರ್ಜರಿ ನಮಸ್ಕಾರ!" ಎಂದು ಹೆಂಡತಿಯ ತಮ್ಮ ಶುರುಮಾಡಿದ. ಇದೇನು ಹೀಗೆ ಮಾತಾಡುತ್ತಾನೆ ಎಂದು ಒಂದಿಬ್ಬರಿಗೆ ಅನ್ನಿಸಿದ್ದೀತು. ಆದರೂ ಚಪ್ಪಾಳೆ ಬಿತ್ತು. ಹೆಡ್‌ಮೇಡಂ ಗುಟ್ಟಾಗಿ ಮೊದಲ ಪದ ಕಳಿಸಿದರು: ಕೊಡೆ.

"ಬಹಳ ಸುಲಭ! ಮಳೆ ಬಂದಾಗ ನಾವೆಲ್ಲ ಕೊಡೆ... ಅಯ್ಯಯ್ಯೋ!"

ಎಲ್ಲರೂ ನಕ್ಕರು. ಎರಡನೆಯ ಪದ, ಏಣಿ. "ಗೋಡೆಗೆ ಒರಗಿಸ್ತೀವಿ, ಹತ್ತುತೀವಿ, ಏಣಿ ಥರಾನೇ ಇರುತ್ತೆ... ಛೆ!" ಈ ಸಲ ನಗು ಅರ್ಧಕ್ಕಿಳಿಯಿತು. ಮೂರನೆಯದಕ್ಕೆ ಅವನು, "ಇದು... ದಿಂಬು ಅಂತ ಹೇಳಬಾರದಲ್ವಾ?" ಎಂದ.

ಚಟಾಕಿ ತಲೆಯ ಮೇಲೆ ಕೈ ಹೊತ್ತು ಕೂತ. ಇವನನ್ನು ಮೊದಲೇ ಆಡಿಸಿ ನೋಡಲು ಅವನಿಗೆ ಹೊಳೆದೇ ಇರಲಿಲ್ಲ. ಪಾಪ, ಇವನ ತಪ್ಪೇನು? ಇವನಿಗೆ ಬೇಕೆಂದಾಗ ಬೇಕೆಂದ ಪದ ಬಾಯಿಗೆ ಬಂದು ಬೀಳುತ್ತದೆ. ಹುಟ್ಟಿದಾಗಿನಿಂದ ಒಂದೇ ಒಂದು ಸಲ ಪಕ್ಕದ ಗಲ್ಲಿಗೆ ತಿರುಗಿದವನಲ್ಲ. ಹೆಂಡತಿಯ ತಮ್ಮ, ಬೆವರು ಒರೆಸಿಕೊಳ್ಳುತ್ತ, ಭಾವನ ಮುಖ ನೋಡಿದ. ತೆರೆಯ ಮೇಲೆ ನೂರ ನಲವತ್ತು ಇದ್ದದ್ದು ನೂರಹತ್ತಾಯಿತು, ತೊಂಬತ್ತೆರಡಾಯಿತು. 'ತಾನೇ ಮಾಡಿದ ಆಟ ತನಗೇ ಬರಲ್ವಲ್ಲಪ್ಪ' ಎಂದು ಡ್ರೈವರಣ್ಣ ಬರೆದ. ಇನ್ನೊಬ್ಬರು ಬರೆದರು: 'ಬರೆಯೋಕೆ ಚೆನ್ನ. ಇದು ಮನುಷ್ಯರು ಆಡೋಕೆ ಆಗೋ ಆಟವಲ್ಲ.'

ಅದು ಚುಚ್ಚಿತು. ಆಡೋಕೆ ಆಗಲ್ಲವಂತೆ! ಮೂವತ್ತೈದು ವರ್ಷದಿಂದ ದಿನಾ ಎದ್ದ ಕೂಡಲೇ ಅವನು ಆಡುತ್ತ ಬಂದದ್ದು ಇನ್ನೇನು? ಅವನಿಗೆ ಸಿಟ್ಟು ಬಂತು, ಸಿಟ್ಟಿನಲ್ಲಿ ಕೈ ಮುಂದಾಯಿತು. ತಮ್ಮನ ಮುಂದಿದ್ದ ಫೋನನ್ನು ತನ್ನ ಕಡೆ ಎಳೆದುಕೊಂಡ, ಗಂಟೆಯನ್ನು ಹೆಂಡತಿಯ ಕಡೆ ತಳ್ಳಿದ. ಅವಳು ಬೇಡ ಬೇಡ ಎಂದು ಕೈಯಾಡಿಸಿದಳು.

ಎರಡನೆಯ ಸುತ್ತು. ಪದ: ಬಾಗಿಲು. ಉಪಯೋಗ ಹೇಳುವಂತಿಲ್ಲ.

"ಸಿಟ್ಟು ಬಂದೋರು ಮೊದಲು ಇದರ ಮೇಲೆ ತೋರಿಸ್ತಾರೆ" ಎಂದ. ಧ್ವನಿ ನಡುಗಿತು, ಆದರೆ ಹೊರಬಂತು. "ಗುರುತಿಲ್ಲದೋರು ಇದನ್ನ ಬೆರಳು ಮಡಚಿ ಮಾತಾಡಿಸ್ತಾರೆ. ಮನೆಯೋರು ಹಾಗೇ ದೂಡ್ತಾರೆ. ಮಕ್ಕಳು ಇದರ ಹಿಂದೆ ಅಡಗಿದ್ರೆ ಕಾ... ಪಾದ ಕಾಣುತ್ತೆ."

"ಬಾಗಿಲು!" ಎಂದು ಬಳಗದ ಒಬ್ಬ ನರ್ಸಮ್ಮ ಕೂಗಿದರು.

ಮುಂದಿನದು ಗಡಿಯಾರ. "ಮದುವೆಮನೇಲಿ ಯಾರೂ ಇದನ್ನ ನೋಡಲ್ಲ, ಆಫೀಸಲ್ಲಿ ಎಲ್ಲರೂ ನೋಡ್ತಾರೆ. ನಿಂತುಹೋದ್ರೂ ದಿನಕ್ಕೆ ಎರಡು ಸಲ ನಿಜ ಹೇಳುತ್ತೆ." ಸಿಕ್ಕಿತು. ಮುಂದಿನದು, ಅದರ ಮುಂದಿನದು. ಮೂರನೆಯ ಸುತ್ತಿನಲ್ಲಿ ಮತ್ತೊಂದು ದಾರಿ ಮುಚ್ಚಿದಾಗ ಅವನಿಗೆ ಹುರುಪೇ ಹೆಚ್ಚಿತು. ನಡುನಡುವೆ ಒಂದು ಪದ ಕಚ್ಚಿಕೊಳ್ಳುತ್ತಿತ್ತು, ಅವನು ತಟ್ಟನೆ ತಿರುಗಿಬಿಡುತ್ತಿದ್ದ. ಇದು ಆಟದ ಭಾಗವೆಂದೇ ಎಲ್ಲರೂ ತಿಳಿದರು. ತೊಂಬತ್ತೆರಡು ನೂರಮೂವತ್ತಾಯಿತು. 'ಬಂದ ನೋಡ್ರಪ್ಪ ನಮ್ಮ ಚಟಾಕಿ' ಎಂದು ಡ್ರೈವರಣ್ಣ ಬರೆದ. ಅದನ್ನು ಓದಿ ಅವನಿಗೆ ಕಣ್ಣು ತುಂಬಿತು.

ಆಗ ಹೆಡ್‌ಮೇಡಂ ಕೇಳಿದರು. "ಒಂದು ನಿಮಿಷ. ಧ್ವನಿ ಬದಲಾಗಿದೆಯಲ್ಲ. ಮೊದಲು ಮಾತಾಡಿದ್ದು ಯಾರು?"

ಪಕ್ಕದಲ್ಲಿ ಕೂತಿದ್ದ ಹೆಂಡತಿಯ ತಮ್ಮ, "ಮೈಕ್ ಪ್ರಾಬ್ಲಂ ಅನ್ನಿ ಭಾವ, ಮೈಕ್ ಪ್ರಾಬ್ಲಂ" ಎಂದು ಪಿಸುಗುಟ್ಟಿದ. ಒಳ್ಳೆಯ ಸುಳ್ಳು, ಬಾಯಿಗೂ ಸುಲಭ. ಆದರೆ ಎರಡು ಸುತ್ತು ಗೆದ್ದ ಮೇಲೆ ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ.

"ಅದು ನಾನಲ್ಲ. ಅದು ನನ್ನ ಭ..."

ಸಿಕ್ಕಿಕೊಂಡಿತು. ಕತ್ತಿನ ನರ ಉಬ್ಬಿತು. ಒಂದು. ಎರಡು. ಆಟ ಇನ್ನೂ ನಡೆಯುತ್ತಿದೆಯೆಂದು ತಿಳಿದ ಜನ ತೆರೆಯ ತುಂಬ ಊಹೆ ಸುರಿದರು. ಭೂತ! ಭಟ! ಭಾಗಸ್ಥ! 'ಹೆಂಡತಿಯ ತಮ್ಮ' ಎಂಬ ಪಕ್ಕದ ಗಲ್ಲಿ ಬಾಗಿಲು ತೆರೆದು ಕಾದಿತ್ತು. ನಾಲಿಗೆ ತುದಿಯಲ್ಲೇ ಇತ್ತು, ತಿರುಗಿದರೆ ಮುಗಿಯಿತು. ಅವನು ತಿರುಗಲಿಲ್ಲ. ಇದೊಂದು ಸಲ ನೇರ ಹೋಗುತ್ತೇನೆ ಎಂದು ಹಠ ಹಿಡಿದ.

ಮೂರು.

ಅವನು ಹೆಂಡತಿಯ ಕಡೆ ನೋಡಿದ. ಪದ ಅವಳಿಗೆ ಗೊತ್ತಿತ್ತು; ಅವಳ ತುಟಿ ಆಗಲೇ ಅರ್ಧ ತೆರೆದಿತ್ತು. ಅವನು ತಲೆಯಾಡಿಸಿದ, ಬೇಡವೆಂದು. ಹನ್ನೆರಡು ವರ್ಷದಲ್ಲಿ ಅವನು ಹಾಗೆ ತಲೆಯಾಡಿಸಿದ್ದು ಅದೇ ಮೊದಲು. ಅವಳ ಮುಖ ಕಪ್ಪಿಟ್ಟಿತು, ಆಮೇಲೆ ಏನೋ ತಿಳಿದವಳಂತೆ ಬಾಯಿ ಮುಚ್ಚಿದಳು. ಗಂಟೆಯನ್ನು ಮೇಜಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಮುಚ್ಚಿ ಕೂತಳು. ಏಳು. ಎಂಟು. ಊಹೆಗಳು ಒಂದೊಂದಾಗಿ ನಿಂತವು. ಹನ್ನೊಂದು.

"ಭಾವಮೈದ" ಎಂದ ಚಟಾಕಿ. "ನನಗೆ ಉಗ್ಗು. ಅದಕ್ಕೇ ಅವನನ್ನ ಕೂರಿಸಿದ್ದೆ. ತ... ತಪ್ಪಾಯ್ತು."

ತೆರೆಯ ಮೇಲೆ ಸಂಖ್ಯೆ ನೂರಮೂವತ್ತೇ ಇತ್ತು.

"ತಪ್ಪೇ" ಎಂದರು ಹೆಡ್‌ಮೇಡಂ, ಶಾಲೆಯ ಧ್ವನಿಯಲ್ಲಿ. "ಆ ಭಾವಮೈದನ್ನ ಇನ್ನೊಂದು ಸಲ ಕರೆತರಬೇಡ. ಆ ಗಂಟೆಯ ನಿಯಮವೂ ಬೇಡ. ನಡಿ, ಮುಂದಿನ ಪದ ಕಳಿಸ್ತೀನಿ."

ಆಟ ಆರೂವರೆಗೆ ಮುಗಿಯಿತು. ಭಾವಮೈದ ತನ್ನ ಮಾನ ಹೋಯಿತೆಂದು ಗೊಣಗುತ್ತ ಚಪ್ಪಲಿ ಮೆಟ್ಟಿ ಹೊರಟುಹೋದ. ಚಟಾಕಿ ಕುರ್ಚಿಯಲ್ಲಿ ಒಗೆದು ಹಿಂಡಿದ ಬಟ್ಟೆಯಂತೆ ಬಿದ್ದಿದ್ದ. ಹೆಂಡತಿ ಎದುರಿಗೆ ಕೂತಿದ್ದಳು, ಗಂಟೆ ಇನ್ನೂ ಮಡಿಲಲ್ಲೇ ಇತ್ತು.

"ನೀ..." ಎಂದ ಅವನು. "ನೀ... ನೀ..."

ಅವಳು ಅರ್ಧ ಎದ್ದಳು. ನೀರಿನ ಹೂಜಿಯ ಕಡೆ ಕೈ ಹೋಗಿತ್ತು. ಎದ್ದವಳು ಹಾಗೇ ಕೂತಳು, ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಳು. ಇಷ್ಟು ವರ್ಷ ತಾನು ಕೇಳಿಸಿಕೊಳ್ಳದೆ ಹೋದದ್ದು ಏನೇನಿತ್ತೋ ಎಂದು ನೆನೆದಳು. ಕಾದಳು. ಬೀದಿಯಲ್ಲಿ ಒಂದು ಬಸ್ಸು ಬಂದು ನಿಂತು ಹೋಯಿತು. ಅವಳು ಕಾದಳು.

"ನೀ... ನೀರು ಕೊಡೇ" ಎಂದ ಚಟಾಕಿ. "ಬಾಯಿ ಒಣಗಿ ಹೋಗಿದೆ."